ಕೂಡದ ಗಾಯ

ಮೊಟ್ಟೆಯ ಸಿಪ್ಪೆಗೆ ಕೊರೆದ ಪುಟ್ಟ ಕಿಟಕಿಯ ಮೇಲಿನ ಟೇಪನ್ನು ಚಿಮಟದಿಂದ ಎತ್ತುವಾಗ ಅವಳ ಕೈ ಎಂದೂ ತಪ್ಪಿದ್ದಿಲ್ಲ. ಇವತ್ತು ತಪ್ಪಿತು. ಸಿಪ್ಪೆಯ ಚೂರೊಂದು ಒಳಗಿನ ಒದ್ದೆ ಪೊರೆಯ ಮೇಲೆ ಬಿದ್ದು, ಅದರ ಅಂಚಿನಲ್ಲಿ ರಕ್ತದ ಚುಕ್ಕೆ ಮೂಡಿತು. ಆ ಮೊಟ್ಟೆ ಇನ್ನು ಲೆಕ್ಕಕ್ಕಿಲ್ಲ. ಅದನ್ನು ಬದಿಗೆ ಸರಿಸಿ ಇನ್ನೊಂದನ್ನು ದೀಪದ ಕೆಳಗೆ ತಂದಳು. ಇದು ಚೆನ್ನಾಗಿತ್ತು. ಮರಿಯಾಗಬೇಕಾದ ಜೀವಕ್ಕೆ ಉಸಿರು ಊಟ ಒಯ್ಯುವ ಕೆಂಪು ನಾಳಗಳು ಪೊರೆಯ ತುಂಬ ಕವಲೊಡೆದು ಹಬ್ಬಿದ್ದವು. ನಡುವೆ ಅವಳು ನೆನ್ನೆ ಇಟ್ಟಿದ್ದ ಬೆರಳುಗುರಿನಷ್ಟು ಕಾಗದದ ಬಿಲ್ಲೆ. ಬಿಲ್ಲೆ, ಅವಳ ಲ್ಯಾಬಿನಲ್ಲಿ ಪರೀಕ್ಷಿಸುತ್ತಿದ್ದ ಬಳ್ಳಿಯೊಂದರ ಸಾರದಲ್ಲಿ ನೆನೆದದ್ದು. ಅದರ ಸುತ್ತ ನಾಳಗಳಿಲ್ಲ. ಹತ್ತಿರದವರೆಗೆ ಬಂದು, ಮನೆಯೊಳಗೆ ಜಗಳ ನಡೆಯುತ್ತಿರುವುದು ಕೇಳಿ ಹೊಸ್ತಿಲಿಂದಲೇ ತಿರುಗಿ ಹೋಗುವ ನೆಂಟರ ಹಾಗೆ ಹಿಂದಕ್ಕೆ ಬಾಗಿ ಹೋಗಿದ್ದವು. ಬಿಲ್ಲೆಯ ಸುತ್ತ ಬರೀ ಬಿಳುಪು. ಆ ಬಿಳುಪನ್ನು ನೋಡಿದಾಗಲೆಲ್ಲ ಅವಳ ಎದೆಯಲ್ಲಿ ಸಣ್ಣದೊಂದು ಹಿಗ್ಗು ಎದ್ದು ಕೂರುತ್ತಿತ್ತು. ಇವತ್ತು ಅದು ಏಳಲಿಲ್ಲ. ಸ್ವಲ್ಪ ಹೊತ್ತಿನ ಮುಂಚೆ ಭಾವ ಫೋನ್ ಮಾಡಿದ್ದರು. "ಗಾಯ ಇನ್ನೂ ಕೂಡಿಲ್ಲಮ್ಮ. ಡಾಕ್ಟ್ರು ಔಷಧಿ ಹಾಕೋದನ್ನ ಮತ್ತೆ ಮುಂದಕ್ಕೆ ಹಾಕಿದ್ರು," ಎಂದಿದ್ದರು. ಅವಳು, "ಮೊಟ್ಟೆ ಹೊರಗಿದೆ ಭಾವ, ಆಮೇಲೆ ಮಾಡ್ತೀನಿ," ಎಂದು ಇಟ್ಟುಬಿಟ್ಟಿದ್ದಳು. ಅಕ್ಕನ ಗಾಯಕ್ಕಿಂತ ಮೊಟ್ಟೆ ಹೊರಗಿರುವುದು ದೊಡ್ಡದಾಯಿತೇ? ಮೊಟ್ಟೆ ತಣ್ಣಗಾಗಬಾರದು, ಅದು ನಿಜ. ಆದರೆ ನಿಜ ಎಂದು ತನಗೆ ತಾನೇ ಹೇಳಿಕೊಳ್ಳಬೇಕಾದಾಗ ಅದರೊಳಗೆ ಏನೋ ಹುಳುಕು ಇರುತ್ತದೆಂದು ಅವಳಿಗೆ ಗೊತ್ತಿತ್ತು.

ಅಕ್ಕನ ಕರುಳಿನ ಗಡ್ಡೆಯನ್ನು ತೆಗೆದು ಹಾಕಿದ್ದರು. ಆಪರೇಷನ್ ಚೆನ್ನಾಗಿ ಆಯಿತು, ಬೇರೆಲ್ಲಾದರೂ ಕಣ್ಣಿಗೆ ಕಾಣದ ಚೂರುಗಳು ಉಳಿದಿದ್ದರೆ ಅವನ್ನು ಕೊಲ್ಲಲು ನರದ ಮೂಲಕ ಔಷಧಿ ಕೊಡಬೇಕು, ಹೊಟ್ಟೆಯ ಗಾಯ ಕೂಡಿದ ಮೇಲೆ ಶುರುಮಾಡೋಣ ಎಂದಿದ್ದರು. ಗಾಯ ಕೂಡಲಿಲ್ಲ. ಹೊಲಿಗೆ ಬಿಚ್ಚಿದ ಮೇಲೆ ಕೆಳಭಾಗ ಬಾಯಿ ಬಿಟ್ಟಿತು. ಅಕ್ಕ ಹುಡುಗಿಯರ ಶಾಲೆಯಲ್ಲಿ ಆಟದ ಟೀಚರು. ಅವಳು ಸೀಟಿ ಊದಿದರೆ ರಸ್ತೆಯಲ್ಲಿ ಹೋಗುವ ಸೈಕಲ್ಲುಗಳೂ ನಿಲ್ಲುತ್ತಿದ್ದವು. ಚಿಕ್ಕಂದಿನಲ್ಲಿ ಅವಳ ಮೊಣಕಾಲಿನ ತರಚುಗಾಯಗಳು ರಾತ್ರಿ ಕಳೆಯುವುದರೊಳಗೆ ಒಣಗಿ ಕಪ್ಪಾಗಿರುತ್ತಿದ್ದವು. ತಂಗಿಗೆ ದಪ್ಪ ಕನ್ನಡಕ, ಕೆಮ್ಮು, ಮೂಲೆ, ಪುಸ್ತಕ. ಗೂಬೆ ಎಂದು ಹೆಸರಿಟ್ಟವಳೂ ಅಕ್ಕನೇ; ಬೇರೆ ಯಾರಾದರೂ ಹಾಗೆ ಕರೆದರೆ ಅವರ ಜಡೆ ಹಿಡಿದು ಜಗ್ಗುತ್ತಿದ್ದವಳೂ ಅಕ್ಕನೇ. ಅಂಥವಳ ಗಾಯ ಕೂಡದೆ ಇರುವುದೆಂದರೆ ಏನು? ತಂಗಿ ಮೊಟ್ಟೆಗಳನ್ನು ಕಾವುಪೆಟ್ಟಿಗೆಗೆ ಸೇರಿಸಿ, ಕೈ ತೊಳೆದು, ಲ್ಯಾಬಿನ ಮುಖ್ಯಸ್ಥರ ಕೋಣೆಯ ಮುಂದೆ ತಲೆ ತಗ್ಗಿಸಿಕೊಂಡು ದಾಟಿ, ಬಸ್ಸು ಹತ್ತಿದಳು.

ಬಸ್ಸಿನಲ್ಲಿ ಎದುರಿಗೆ ಕೂತಿದ್ದ ಹೆಂಗಸು ಕಿತ್ತಳೆಹಣ್ಣು ಸುಲಿಯುತ್ತಿದ್ದಳು. ಸಿಪ್ಪೆಯ ಒಳಗಿನ ಬಿಳಿ ನಾರನ್ನು ಒಂದೊಂದಾಗಿ ಬಿಡಿಸುತ್ತಿದ್ದ ಆ ಉಗುರುಗಳನ್ನೇ ನೋಡುತ್ತಿದ್ದಾಗ ಅವಳಿಗೆ ಅಕ್ಕನ ಮನೆಯ ಊಟದ ಮೇಜು ನೆನಪಾಯಿತು. ರೋಗ ಗೊತ್ತಾದ ವಾರ. ಭಾವ ಉಣ್ಣದೆ ತಟ್ಟೆಯಲ್ಲಿ ಗೆರೆ ಎಳೆಯುತ್ತಿದ್ದರು. ಯಾರಿಗೂ ಮಾತಿಲ್ಲ. ಅಷ್ಟು ಮೌನ ಅವಳಿಂದ ತಡೆಯಲಾಗಲಿಲ್ಲ. "ಗಡ್ಡೆಗೂ ಊಟ ಬೇಕಲ್ವಾ ಅಕ್ಕ," ಎಂದು ಶುರುಮಾಡಿದ್ದಳು. "ಅದು ತನಗೆ ಬೇಕಾದ ರಕ್ತನಾಳನ ತಾನೇ ಕರೆಸ್ಕೊಳ್ಳುತ್ತೆ. ಆ ದಾರಿ ಮುಚ್ಚಿಬಿಟ್ರೆ ಹಸಿವಿನಿಂದ ಸಾಯ್ಬೇಕು. ನಮ್ಮ ಬಳ್ಳಿ ಮಾಡ್ತಿರೋದು ಅದನ್ನೇ." ಫೋನಿನಲ್ಲಿ ಮೊಟ್ಟೆಯ ಫೋಟೋ ತೋರಿಸಿದಳು. ಬಿಲ್ಲೆಯ ಸುತ್ತಲಿನ ಬಿಳುಪನ್ನು ಎರಡು ಬೆರಳಿನಿಂದ ಹಿಗ್ಗಿಸಿ ತೋರಿಸಿದಳು. ಸಮಾಧಾನಕ್ಕೆ ಹೇಳಿದ್ದೇ? ಸಮಾಧಾನಕ್ಕೇ ಆಗಿದ್ದರೆ ಅಷ್ಟು ದೊಡ್ಡದು ಮಾಡಿ ತೋರಿಸಬೇಕಿತ್ತೇ? ಅಕ್ಕ ಕತ್ತು ಚಾಚಿ ನೋಡಿ, "ನಮ್ಮ ಗೂಬೆ ಸಾಮಾನ್ಯದವಳಲ್ಲ," ಎಂದಾಗ ಕಿವಿ ಬೆಚ್ಚಗಾದದ್ದು ಈಗಲೂ ನೆನಪಿದೆ. "ಯಾವ ಬಳ್ಳಿ ಅದು?" "ಗೋಡೆಬಳ್ಳಿ ಅಕ್ಕ. ಬಸ್ ಡಿಪೋ ಕಾಂಪೌಂಡ್ ತುಂಬ ಇದೆಯಲ್ಲ, ದನವೂ ಮೂಸಲ್ಲ ನೋಡು, ಅದೇ." ಎಲ್ಲರೂ ನಕ್ಕಿದ್ದರು. ಆ ಮನೆಯಲ್ಲಿ ಆ ವಾರ ಎದ್ದ ನಗು ಅದೊಂದೇ. ಅದನ್ನು ಎಬ್ಬಿಸಿದವಳು ತಾನೆಂಬ ಹೆಮ್ಮೆಯಲ್ಲಿ, ಇದು ಮೊಟ್ಟೆಯ ಮಾತು, ಇನ್ನೂ ಇಲಿಗೂ ಕೊಟ್ಟಿಲ್ಲ ಎಂಬುದನ್ನು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಭಾವ ಬಾಗಿಲು ತೆರೆದ ಕೂಡಲೆ ವಾಸನೆ ಬಂತು. ಒದ್ದೆ ಕಬ್ಬಿಣದ ಮೇಲೆ ಯಾರೋ ಕಹಿ ಕಾಯಿ ಜಜ್ಜಿದಂಥ ವಾಸನೆ. ಲ್ಯಾಬಿನಲ್ಲಿ ಸಾರ ಇಳಿಸುವ ದಿನ ಅವಳ ಕೂದಲಿಗೆ ಅಂಟಿ ಎರಡು ಸಲ ತೊಳೆದರೂ ಹೋಗದಿದ್ದ ವಾಸನೆ. ಅದು ಅಕ್ಕನ ಅಡುಗೆಮನೆಯಿಂದ ಬರುತ್ತಿತ್ತು. ಅವಳು ಚಪ್ಪಲಿ ಬಿಡುತ್ತ ಬಗ್ಗಿದವಳು ಹಾಗೇ ನಿಂತಳು. ಭಾವ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವರು. ಇಪ್ಪತ್ತು ವರ್ಷ ಪಕ್ಕದ ಸೀಟಿನಲ್ಲಿ ಕೂತು ಬೇರೆಯವರ ತಪ್ಪಿಗೆ ಬ್ರೇಕು ಒತ್ತಿ ಒತ್ತಿ, ಮನೆಯಲ್ಲಿ ಕೂತಾಗಲೂ ಅವರ ಬಲಗಾಲು ನೆಲವನ್ನು ಒತ್ತುತ್ತಿರುತ್ತಿತ್ತು. ಈಗಲೂ ಒತ್ತಿತು.

"ಭಾವ, ಒಲೆ ಮೇಲೆ ಏನದು?"

"ಅವಳನ್ನೇ ಕೇಳಮ್ಮ."

"ನಿಮ್ಮನ್ನ ಕೇಳ್ತಿದೀನಿ."

ಅವರು ಗೋಡೆ ನೋಡಿಕೊಂಡು, ಅಪರಾಧಕ್ಕಿಂತ ಹೆಚ್ಚಾಗಿ ನಾಚಿಕೆಯ ಧ್ವನಿಯಲ್ಲಿ, "ಕಲಿಯೋರಿಗೆ ರಿವರ್ಸ್ ಹೇಳ್ಕೊಡೋದು ಆ ಡಿಪೋ ಗೋಡೆ ಹತ್ರಾನೇ," ಎಂದರು. "ಅವರು ಗಾಡಿ ಹಿಂದೆ ಮುಂದೆ ಮಾಡ್ತಿರ್ತಾರೆ, ನಾನು ಇಳಿದು ಕಿತ್ಕೋತೀನಿ. ನಿನಗೆ ಗೊತ್ತಿದೆ ಅಂದ್ಕೊಂಡಿದ್ದೆ. ನೀನೇ ಹೇಳಿದೀಯ ಅಂತ ಅಂದಳು."

ಅಕ್ಕ ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿದ್ದಳು. ಕೆನ್ನೆ ಇಳಿದು ಹಲ್ಲು ದೊಡ್ಡದಾಗಿ ಕಾಣುತ್ತಿತ್ತು. "ಬಂದ್ಯಾ ಗೂಬೆ? ಮೊಟ್ಟೆ ಒಳಗಿಟ್ಯಾ?" ಎಂದಳು. ಅದರಲ್ಲಿ ಚುಚ್ಚು ಇತ್ತೋ ಇಲ್ಲವೋ, ಚುಚ್ಚಿತು. ತಂಗಿ ಬಚ್ಚಲಲ್ಲಿ ಕೈ ತೊಳೆದು ಬಂದು, ಮಂಚದ ಅಂಚಿನಲ್ಲಿ ಕೂತು, "ನೋಡ್ತೀನಿ ಇರು," ಎಂದು ಬ್ಯಾಂಡೇಜಿನ ಅಂಟನ್ನು ಮೆಲ್ಲಗೆ ಬಿಡಿಸಿದಳು. ಹತ್ತಿ ಸರಿದಾಗ ಹೊಕ್ಕುಳದ ಕೆಳಗೆ ಗಾಯ ತೆರೆದುಕೊಂಡಿತು. ಕೀವಿಲ್ಲ, ಕೆಟ್ಟ ನಾತವಿಲ್ಲ, ಊದಿಕೊಂಡಿಲ್ಲ. ಚೊಕ್ಕಟವಾಗಿ, ಸುಮ್ಮನೆ ತೆರೆದಿತ್ತು. ಕೂಡುವ ಗಾಯದ ತಳ ಕೆಂಪಗಿರಬೇಕು, ಹೊಸ ನಾಳಗಳು ಕಾಳುಕಾಳಾಗಿ ಎದ್ದು ಬರಬೇಕು, ಮುಟ್ಟಿದರೆ ರಕ್ತ ಜಿನುಗಬೇಕು. ಇಲ್ಲಿ ಏನೂ ಇರಲಿಲ್ಲ. ಬಿಳುಪು. ಬೆಳಗ್ಗೆ ದೀಪದ ಕೆಳಗೆ ಕಂಡ ಬಿಳುಪೇ. ಆಗ ಅವಳ ಎದೆಯಲ್ಲಿ, ಬೆಳಗ್ಗೆ ಏಳದೆ ಸತಾಯಿಸಿದ್ದ ಆ ಹಿಗ್ಗು, ಎಷ್ಟೋ ವರ್ಷ ಬಾಗಿಲ ಹಿಂದೆ ಕಾದು ನಿಂತಿದ್ದಂತೆ ಎದ್ದಿತು. ಕೆಲಸ ಮಾಡ್ತಿದೆ. ಮನುಷ್ಯರಲ್ಲಿ ಕೆಲಸ ಮಾಡ್ತಿದೆ. ಈ ಮಾತು ಮೊದಲು ಬಂತು. ಅಕ್ಕ ಎಂಬುದು ಅದರ ಹಿಂದೆ, ಬಸ್ಸು ತಪ್ಪಿದವರ ಹಾಗೆ ಏದುಸಿರು ಬಿಡುತ್ತ ಬಂತು. ಎರಡರ ನಡುವಿನ ಹೊತ್ತು ಕಣ್ಣೆವೆ ಬಡಿಯುವಷ್ಟೂ ಇರಲಿಕ್ಕಿಲ್ಲ. ಆದರೆ ಆ ಹೊತ್ತಿನಲ್ಲಿ ತಾನು ಯಾರಾಗಿದ್ದೆ ಎಂಬುದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಬಗ್ಗಿದ ಮುಖವನ್ನು ಎತ್ತಲಾಗಲಿಲ್ಲ.

"ದಿನಾ ಎಷ್ಟು ಕುಡೀತೀಯ?" ಎಂದು ಕೇಳಿದಳು.

"ಒಂದು ಲೋಟ. ಎರಡು ಹೊತ್ತು."

"ಎಲೆ ಮಾತ್ರಾನಾ, ಕಾಂಡಾನೂ ಹಾಕ್ತೀಯಾ? ಎಷ್ಟು ಹೊತ್ತು ಕುದಿಸ್ತೀಯ? ಊಟಕ್ಕೆ ಮುಂಚೆನಾ, ಆಮೇಲಾ?"

ಕೇಳಿ ಮುಗಿಸಿ ಅವಳು ತಲೆಯೆತ್ತಿದಳು. ಅಕ್ಕ ಅವಳನ್ನೇ ನೋಡುತ್ತಿದ್ದಳು, ಸಾಲಿನಲ್ಲಿ ಮಿಸುಕಾಡಿದ ಹುಡುಗಿಯನ್ನು ನೋಡುವ ನೋಟದಲ್ಲಿ.

"ಈಗ ಕೇಳ್ತಿರೋದು ನನ್ನ ತಂಗೀನಾ, ಲ್ಯಾಬಿನವಳಾ?"

ಅವಳು ಹತ್ತಿಯನ್ನು ಗಾಯದ ಮೇಲೆ ಮತ್ತೆ ಇಟ್ಟು ಅಂಟನ್ನು ಒತ್ತಿದಳು. ಅಂಚು ಸರಿಯಾಗಿ ಕೂರಲಿಲ್ಲ. "ಅದನ್ನ ಇವತ್ತೇ ನಿಲ್ಲಿಸಬೇಕು ಅಕ್ಕ. ಗಾಯ ಕೂಡೋಕೂ ಹೊಸ ನಾಳ ಬೇಕು. ನೀನು ಕುಡೀತಿರೋದು ಅದನ್ನೇ ತಡೀತಿರಬಹುದು."

"ನನಗೆ ಗೊತ್ತು."

"ಏನು ಗೊತ್ತು?"

"ಗಡ್ಡೆಗೂ ಗಾಯಕ್ಕೂ ರಕ್ತ ಬರೋದು ಅದೇ ದಾರೀಲಿ ತಾನೇ? ಅವತ್ತು ಊಟಕ್ಕೆ ಕೂತಾಗ ಗಡ್ಡೆ ಮಾತು ನೀನೇ ಅಂದೆ, ಮಿಕ್ಕಿದ್ದು ನಾನೇ ಕೂಡಿಸ್ಕೊಂಡೆ. ನಾನೇನು ದಡ್ಡಿನಾ?" ಅಕ್ಕನ ಕಣ್ಣುಗಳು ಹೊಳೆಯುತ್ತಿದ್ದವು. ಜ್ವರವಲ್ಲ, ಪಂದ್ಯ ಗೆದ್ದು ಬಂದ ದಿನದ ಹೊಳಪು. "ಡಾಕ್ಟ್ರು ಗಾಯ ಬಿಚ್ಚಿ ನೋಡಿ ಮುಖ ಸಪ್ಪೆ ಮಾಡ್ಕೊಂಡ್ರಲ್ಲ, ನಾನು ಒಳಗೊಳಗೇ ಕುಣಿದೆ ಕಣೇ. ಮೇಲೆ ಇಷ್ಟು ಸಣ್ಣ ಗಾಯಕ್ಕೇ ದಾರಿ ಸಿಕ್ತಿಲ್ಲ ಅಂದ್ರೆ, ಒಳಗೆ ಅದಕ್ಕೆ ಎಲ್ಲಿಂದ ಸಿಗತ್ತೆ? ಸಾಯ್ಲಿ. ಹಸ್ಕೊಂಡು ಸಾಯ್ಲಿ."

ಈ ಕೋಣೆಯಲ್ಲಿ ಈ ಗಾಯವನ್ನು ನೋಡಿ ಹಿಗ್ಗಿದವಳು ತಾನೊಬ್ಬಳೇ ಅಲ್ಲ. ಅಕ್ಕ ತನಗಿಂತ ಮೊದಲೇ ಹಿಗ್ಗಿ, ದಿನಾ ಬೆಳಗ್ಗೆ ಬ್ಯಾಂಡೇಜು ಎತ್ತಿ ನೋಡಿ, ಇನ್ನೂ ಕೂಡಿಲ್ಲವೆಂದು ಖುಷಿಪಟ್ಟು, ಆ ಕಹಿಯನ್ನು ಮೂಗು ಹಿಡಿದು ನುಂಗುತ್ತಿದ್ದಾಳೆ. ಈ ಹಿಗ್ಗನ್ನು ಅವಳ ಬಾಯಿಗಿಟ್ಟವಳು ತಾನು. ಈಗ ಅದನ್ನು ಬಾಯಿಂದ ಕಿತ್ತುಕೊಳ್ಳಬೇಕಾದವಳೂ ತಾನೇ. ಬೇರೆ ಯಾರಾದರೂ ಬಂದು ಹೇಳಿದ್ದರೆ! ಲ್ಯಾಬಿಗೆ ಬರುವ ಅತಿಥಿಗಳ ಮುಂದೆ ತಾನು ಎಷ್ಟು ಚೆಂದವಾಗಿ ಆಡುವ ಮಾತುಗಳು, 'ಭರವಸೆ ಇದೆ', 'ಆರಂಭದ ಹಂತ', 'ಇನ್ನಷ್ಟು ಪರೀಕ್ಷೆ ಬೇಕು' ಎಂಬವು, ಈ ಮಂಚದ ಮುಂದೆ ಬಾಯಿಗೆ ಬರಲಿಲ್ಲ. ಅಡುಗೆಮನೆಯಲ್ಲಿ ಭಾವ ಒಲೆ ಆರಿಸಿದ ಸದ್ದಾಯಿತು.

"ಅಕ್ಕ, ನಾನು ನೋಡಿರೋದು ಮೊಟ್ಟೇಲಿ. ಬರೀ ಮೊಟ್ಟೇಲಿ. ಪೊರೆ ಮೇಲೇ ಇಟ್ಟಾಗ ಹಾಗಾಗುತ್ತೆ. ಕುಡಿದ್ರೆ ಹೊಟ್ಟೇಲಿ ಏನಾಗುತ್ತೋ, ಅಲ್ಲಿಂದ ರಕ್ತಕ್ಕೆ ಹೋಗುತ್ತೋ ಇಲ್ವೋ, ಗಡ್ಡೆ ಹತ್ರ ಹೋಗುತ್ತೋ ಇಲ್ವೋ, ಒಂದೂ ಗೊತ್ತಿಲ್ಲ. ಈ ಗಾಯ ಅದರಿಂದಾನೇ ಕೂಡ್ತಿಲ್ಲ ಅಂತಾನೂ ಗೊತ್ತಿಲ್ಲ. ಡಾಕ್ಟ್ರ ಔಷಧಿ ಸಾವಿರಾರು ಜನಕ್ಕೆ ಕೊಟ್ಟು ನೋಡಿರೋದು. ಅದು ಶುರುವಾಗೋಕೆ ಗಾಯ ಕೂಡಬೇಕು. ನೀನು ಕಾದಷ್ಟೂ ಒಳಗಿರೋದಕ್ಕೇ ಲಾಭ."

"ಅಂದ್ರೆ ಅವತ್ತು ಸುಳ್ಳು ಹೇಳಿದ್ಯಾ?"

"ಸುಳ್ಳಲ್ಲ. ಅರ್ಧ ಹೇಳಿದೆ."

ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದಳು. ಹೊರಗೆ ಯಾರೋ ಸ್ಕೂಟರನ್ನು ಮತ್ತೆ ಮತ್ತೆ ಒದೆಯುತ್ತಿದ್ದರು, ಅದು ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು. ಅಕ್ಕನ ಕತ್ತಿನ ನರ ಮಿಡಿಯುತ್ತಿರುವುದು ಕಾಣುತ್ತಿತ್ತು. ಈ ಕತ್ತನ್ನು ತಬ್ಬಿ ಬೆನ್ನ ಮೇಲೆ ಕೂತು ಅವಳು ಶಾಲೆಗೆ ಹೋದದ್ದುಂಟು, ಕಾಲು ಉಳುಕಿದ್ದಾಗ. ದಾರಿಯುದ್ದಕ್ಕೂ ಅಕ್ಕ, "ಮೂಟೆ ಬಂತು ದಾರಿ ಬಿಡಿ," ಎಂದು ಕೂಗುತ್ತ ಓಡಿದ್ದಳು.

"ಒಂದು ಕೇಳ್ತೀನಿ, ನಿಜ ಹೇಳು," ಎಂದಳು ಅಕ್ಕ, ತಿರುಗದೆಯೇ. "ನನ್ನ ಜಾಗದಲ್ಲಿ ನೀನಿದ್ದಿದ್ರೆ ಕುಡೀತಿದ್ಯೋ ಇಲ್ವೋ?"

ಇಲ್ಲ ಎನ್ನಬೇಕು. ಇಲ್ಲ ಎಂದುಬಿಟ್ಟರೆ ಮುಗಿಯುತ್ತದೆ. ಅವಳು ಬಾಯಿ ತೆರೆದಳು. ಹೊಟ್ಟೆಯೊಳಗೆ ಅಂಥದ್ದೊಂದು ಕೂತಿದೆಯೆಂದು ತಿಳಿದ ಮೇಲೆ, ಕಪಾಟಿನಲ್ಲಿ ತನ್ನ ಕೈಯಾರೆ ಇಳಿಸಿದ ಸಾರ ಸೀಸೆಯಲ್ಲಿರುವಾಗ, ಯಾವ ಪುಸ್ತಕ ಏನು ಹೇಳಿದರೂ ತನ್ನ ಕೈ ಎಲ್ಲಿಗೆ ಹೋಗುತ್ತಿತ್ತೆಂದು ಅವಳಿಗೆ ಗೊತ್ತಿತ್ತು.

"ಕುಡೀತಿದ್ದೆ," ಎಂದಳು.

"ಮತ್ತೆ?"

"ನಾನು ಕುಡಿಯೋದು ಗೊತ್ತಾದ್ರೆ ನೀನು ನನ್ನ ಕೆನ್ನೆಗೆ ಬಾರಿಸಿ ಲೋಟ ಕಿತ್ಕೋತಿದ್ದೆ."

ಅಕ್ಕನ ಹೆಗಲು ಅಲುಗಿತು. ಅಳುತ್ತಿದ್ದಾಳೆಂದು ಅವಳು ಹತ್ತಿರ ಸರಿದಳು. ಅಕ್ಕ ನಗುತ್ತಿದ್ದಳು, ಎರಡು ಕೈಯಲ್ಲೂ ಹೊಟ್ಟೆ ಹಿಡಿದುಕೊಂಡು, ನೋವಿಗೆ ಮುಖ ಕಿವುಚಿಕೊಂಡು. "ನಗಿಸಬೇಡ್ವೇ, ಗಾಯ ಹರಿಯುತ್ತೆ." ಆಮೇಲೆ ಅದು ನಗುವಾಗಿ ಉಳಿಯಲಿಲ್ಲ. ತಂಗಿಯ ಮಣಿಕಟ್ಟನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದು, "ಹೋಗು. ನೀನೇ ಚೆಲ್ಲು. ಅವರ ಕೈಲಿ ಆಗಲ್ಲ," ಎಂದಳು.

ಪಾತ್ರೆ ಇನ್ನೂ ಬಿಸಿಯಿತ್ತು. ಕಪ್ಪು ಹಸಿರು ನೀರು ಸಿಂಕಿನ ತೂತಿನಲ್ಲಿ ಸುಳಿ ಸುತ್ತಿ ಇಳಿಯುವುದನ್ನು ಅವಳೂ ಭಾವನೂ ನಿಂತು ನೋಡಿದರು. ಭಾವನ ಕಾಲು ನೆಲವನ್ನು ಒತ್ತಿಕೊಂಡೇ ಇತ್ತು. ಬಸ್ ಸ್ಟಾಪಿನಿಂದ ಮುಖ್ಯಸ್ಥರಿಗೆ ಫೋನ್ ಮಾಡಿ ನಾಳೆ ರಜೆ ಬೇಕೆಂದಳು, ಯಾಕೆಂದೂ ಹೇಳಿದಳು. "ಛೆ," ಎಂದರು. ಆಮೇಲೆ, "ಹೇಗಿದ್ರೂ ಆಸ್ಪತ್ರೇಲಿ ರಕ್ತ ತೆಗೀತಾರೆ. ಒಂದು ಟ್ಯೂಬ್ ಹೆಚ್ಚಿಗೆ... ಕುಡಿಯೋದು ನಿಂತು ಹೋದ್ರೆ ರಕ್ತದಲ್ಲಿ ಬಳ್ಳಿಯ ಗುರುತು ಮತ್ತೆ ಸಿಗಲ್ಲ ನೋಡಿ," ಎಂದವರು, ತಮ್ಮ ಮಾತು ತಮಗೇ ಕೇಳಿಸಿದಂತೆ, "ಬೇಡ ಬಿಡಿ, ನಾನು ಹಾಗೆ ಕೇಳಬಾರದಿತ್ತು," ಎಂದರು. ಅವರ ಮೇಲೆ ಸಿಟ್ಟು ಬರಬೇಕಿತ್ತು. ಅವಳಿಗೆ ಬಂದದ್ದು ಸಿಟ್ಟಲ್ಲ. ಪಾತ್ರೆ ಬಗ್ಗಿಸುವಾಗಲೇ ಅವಳೂ ಅದನ್ನು ಯೋಚಿಸಿದ್ದಳು.

ಮರುದಿನ ಸರ್ಜನ್ ಗಾಯ ನೋಡುತ್ತ, ಅವಳ ಮಾತನ್ನು ಅರ್ಧ ಕಿವಿಯಲ್ಲಿ ಕೇಳಿಸಿಕೊಂಡರು. ರಾತ್ರಿ ನಿದ್ದೆ ಮಾಡದ ಮುಖ. "ಯಾವ ಸೊಪ್ಪು? ಪ್ರಮಾಣ ಎಷ್ಟು? ಅದರಲ್ಲಿ ಏನೇನಿದೆ ಅಂತ ಗೊತ್ತಾ?"

"ಮೊಟ್ಟೆಯಲ್ಲಿ ಇಷ್ಟು ಅಂತ ಗೊತ್ತು."

"ಇವರು ಮೊಟ್ಟೆ ಅಲ್ಲ ಮೇಡಂ."

ಪಕ್ಕದಲ್ಲಿದ್ದ ನರ್ಸ್ ನಗು ತಡೆದುಕೊಂಡಳು. ತಂಗಿಯ ಕಿವಿ ಸುಟ್ಟಿತು. ಇಷ್ಟು ವರ್ಷದಲ್ಲಿ ಇದಕ್ಕಿಂತ ಸರಿಯಾದ ಮಾತನ್ನು ತನಗೆ ಯಾರೂ ಹೇಳಿರಲಿಲ್ಲ ಅನ್ನಿಸಿತು. ಸರ್ಜನ್ ಅಕ್ಕನ ಕಡೆ ತಿರುಗಿ, "ಊಟ ಸರಿಯಾಗಿ ಮಾಡ್ತಿದೀರಾ?" ಎಂದು ಕೇಳಿದರು. ಆ ಕಹಿ ಕುಡಿದ ಮೇಲೆ ಏನೂ ಸೇರುವುದಿಲ್ಲ, ಎರಡು ತುತ್ತು ಅಷ್ಟೆ ಎಂದಳು ಅಕ್ಕ. "ಹಾಗಾದ್ರೆ ಅದೇ ಕಾರಣ ಇರಬಹುದು. ಮೈಯಲ್ಲಿ ಶಕ್ತಿ ಇಲ್ದೆ ಗಾಯ ಹೇಗೆ ಕೂಡುತ್ತೆ? ಸೊಪ್ಪಿಂದಾನೋ, ಉಪವಾಸದಿಂದಾನೋ, ನಾನು ಹೇಳಲಾರೆ. ಎರಡೂ ನಿಲ್ಲಿಸಿ," ಎಂದು ಹೊರಟುಹೋದರು. ಅಂದರೆ ಬಿಳುಪಿಗೆ ಅರ್ಥವೇ ಇಲ್ಲದಿರಬಹುದು. ತನ್ನ ಬಳ್ಳಿ ಅಕ್ಕನ ಹಸಿವನ್ನು ಕೊಂದದ್ದು ಬಿಟ್ಟು ಬೇರೇನೂ ಮಾಡದೆ ಇರಬಹುದು. ಹಾಗೆಂದು ಹೊಳೆದಾಗ ನೆಮ್ಮದಿಯಾಗಬೇಕಾದಲ್ಲಿ ನಿರಾಸೆಯಾದದ್ದನ್ನು ಅವಳು ಗಮನಿಸಿದಳು. ನರ್ಸ್ ಅಕ್ಕನ ತೋಳಿಗೆ ರಬ್ಬರು ಬಿಗಿದು ರಕ್ತ ಎಳೆಯತೊಡಗಿದಳು. ಟ್ಯೂಬಿನಲ್ಲಿ ಕಡುಗೆಂಪು ಏರುತ್ತಿತ್ತು. ಇನ್ನೊಂದು ಟ್ಯೂಬ್. ಆ ಮಾತು ನಾಲಿಗೆಯ ತುದಿಯಲ್ಲಿತ್ತು, ಎಂಜಲಿನ ಹಾಗೆ. ಅಕ್ಕ ಸೂಜಿಯನ್ನು ನೋಡುತ್ತಿರಲಿಲ್ಲ, ತಂಗಿಯನ್ನು ನೋಡುತ್ತಿದ್ದಳು.

"ಬೇಕಾದ್ರೆ ತಗೊಳ್ಳೇ," ಎಂದಳು ಅಕ್ಕ. "ನನಗೇನು ಕಮ್ಮಿಯಾಗಲ್ಲ."

"ಬೇಡ."

ಆ ಬೇಡವನ್ನು ಹೇಳಿದ್ದು ಪ್ರೀತಿಯೋ, ಅಕ್ಕನ ಆ ನೋಟದ ಹೆದರಿಕೆಯೋ ಅವಳಿಗೆ ತಿಳಿಯಲಿಲ್ಲ. ನರ್ಸ್ ಸೂಜಿ ತೆಗೆದು ಹತ್ತಿ ಒತ್ತಿದಳು. ಮನೆಗೆ ಬರುವ ದಾರಿಯಲ್ಲಿ ಭಾವ ಕಾರನ್ನು ಡಿಪೋ ಗೋಡೆಯ ರಸ್ತೆ ತಪ್ಪಿಸಿ, ಸುತ್ತು ಹಾಕಿ ತಂದರು. ಯಾರೂ ಅದರ ಬಗ್ಗೆ ಮಾತಾಡಲಿಲ್ಲ.

ಆಮೇಲಿನ ದಿನಗಳಲ್ಲಿ ಅವಳು ಲ್ಯಾಬಿನಿಂದ ನೇರ ಅಕ್ಕನ ಮನೆಗೆ ಬಂದು, ತಟ್ಟೆ ಹಿಡಿದು ಮುಂದೆ ಕೂರುತ್ತಿದ್ದಳು. ಅಕ್ಕ, "ಇಷ್ಟು ತಿಂದ್ರೆ ಹೊಟ್ಟೆ ಒಡೆದು ಇನ್ನೊಂದು ಗಾಯ ಆಗುತ್ತೆ," ಎಂದು ಬೈಯುತ್ತ ತಿನ್ನುತ್ತಿದ್ದಳು. ಒಂದು ಸಂಜೆ, ಯಾವ ಕಾರಣವೂ ಇಲ್ಲದೆ, "ಅದನ್ನ ಕುಡೀತಿದ್ದಾಗ ನಿದ್ದೆ ಬರ್ತಿತ್ತು ಕಣೇ. ಏನೋ ಮಾಡ್ತಿದೀನಿ ಅಂತ," ಎಂದಳು. ತಂಗಿ ತಟ್ಟೆ ಎತ್ತಿಕೊಂಡು ಒಳಗೆ ಹೋಗಿ, ತೊಳೆದ ತಟ್ಟೆಯನ್ನೇ ಮತ್ತೆ ತೊಳೆದಳು.

ಗಾಯದ ತಳದಲ್ಲಿ ಮೊದಲ ಕೆಂಪು ಕಾಣಿಸಿದ್ದು ಆಸ್ಪತ್ರೆಯ ಡ್ರೆಸಿಂಗ್ ಕೋಣೆಯಲ್ಲಿ. ನರ್ಸ್ ಹಳೆಯ ಹತ್ತಿಯನ್ನು ಎತ್ತಿದಾಗ ಅದು ಸ್ವಲ್ಪ ಅಂಟಿಕೊಂಡು ಬಂತು. ಅಂಟಿದ್ದಲ್ಲಿ ರಕ್ತ ಹನಿಹನಿಯಾಗಿ ಜಿನುಗಿತು. "ಅಯ್ಯೋ, ಒಳ್ಳೇದೇ ಅಮ್ಮ, ರಕ್ತ ಬಂದ್ರೆ ಗಾಯ ಜೀವ ಹಿಡೀತಿದೆ ಅಂತ. ಇನ್ನೇನು, ಡಾಕ್ಟ್ರು ಔಷಧಿ ಶುರುಮಾಡ್ತಾರೆ," ಎಂದು ನರ್ಸ್ ಟ್ರೇ ತರಲು ಹೋದಳು. ತಂಗಿ ಬಗ್ಗಿ ನೋಡಿದಳು. ಅಂಚಿನಿಂದ ಒಳಕ್ಕೆ, ದಾಳಿಂಬೆ ಬಿಚ್ಚಿದ ಹಾಗೆ, ಸಣ್ಣ ಕೆಂಪು ಕಾಳುಗಳು. ಒಂದೊಂದು ಕಾಳೂ ಹೊಸ ನಾಳಗಳ ಗಂಟು. ದಾರಿ ತೆರೆದಿದೆ. ರಕ್ತ ಇಲ್ಲಿಗೆ ಬಂದ ಹಾಗೆ ಬೇರೆಲ್ಲಿಗೆ ಹೋಗುತ್ತಿದೆ? ಕರುಳಿನ ಯಾವ ಮಡಿಕೆಯಲ್ಲಿ, ಯಕೃತ್ತಿನ ಯಾವ ಮೂಲೆಯಲ್ಲಿ, ಇಷ್ಟು ದಿನ ಹಸಿದಿದ್ದ ಯಾವುದು ಈಗ ಬಾಯಿ ತೆರೆದು ಉಣ್ಣುತ್ತಿದೆ? ಏನೂ ಇಲ್ಲದಿರಬಹುದು. ಇರಬಹುದು. ಅವಳಿಗೆ ಸಂತೋಷದಿಂದ ಕಣ್ಣು ತುಂಬಿತು, ಅದೇ ಹೊತ್ತಿಗೆ ಭಯವೂ ಬಂತು. ಯಾವುದು ಮೊದಲು ಬಂತೆಂದು ಈ ಸಲ ಹೇಳುವ ಹಾಗಿರಲಿಲ್ಲ.

ಅಕ್ಕ ಗಾಯವನ್ನು ನೋಡಲೇ ಇಲ್ಲ. ಮೊಣಕೈ ಊರಿ ಅರ್ಧ ಎದ್ದು, ತಂಗಿಯ ಮುಖವನ್ನೇ ಓದುತ್ತಿದ್ದಳು.

"ಒಳ್ಳೇದಾ ಇದು?"

"ಗಾಯಕ್ಕೆ ಒಳ್ಳೇದು ಅಕ್ಕ."

"ಒಳಗಿರೋ ಅದಕ್ಕೆ?"

ಕೋಣೆಯಲ್ಲಿ ಸ್ಪಿರಿಟ್ಟಿನ ವಾಸನೆ. ಹೊರಗೆ ಬೆಂಚಿನ ಮೇಲೆ ಭಾವ ಒಳಗಿನ ಮಾತು ಕೇಳಿಸುತ್ತದೋ ಎಂದು ಕಾಯುತ್ತಿರುವುದು ಬಾಗಿಲ ಕೆಳಗಿನ ಸಂದಿಯಲ್ಲಿ, ಅಲ್ಲಾಡದ ಅವರ ಬೂಟಿನಿಂದ ತಿಳಿಯುತ್ತಿತ್ತು. ಅವಳು ಅಕ್ಕನ ಕಣ್ಣಿನಿಂದ ಕಣ್ಣು ತೆಗೆಯಲಿಲ್ಲ.

"ಗೊತ್ತಿಲ್ಲ," ಎಂದಳು.

ಅಕ್ಕ ತಲೆಯನ್ನು ದಿಂಬಿಗೆ ಇಳಿಸಿ, ಕೈಯನ್ನು ತಂಗಿಯ ಕಡೆಗೆ ಚಾಚಿದಳು.

"ಇಷ್ಟು ಹೇಳೋಕೆ ಅಷ್ಟೊಂದು ಓದಬೇಕಾಯ್ತೇನೇ ಗೂಬೆ," ಎಂದಳು. "ಹಿಡ್ಕೋ. ಆ ನರ್ಸ್ ಕೈ ಒರಟು, ಕಟ್ಟುವಾಗ ನೋಯಿಸ್ತಾಳೆ."